ದೊರೆಗೆ ಕೊಟ್ಟ ಮಾತ್ರೆ

ಓನರಮ್ಮ,

ಮೇಲಿನ ರೂಮಿನವನು. ಬರೆಯೋಕೆ ಕೂತ್ರೆ ಕೈ ಓಡಲ್ಲ, ಮುಖ ನೋಡಿ ಹೇಳೋ ಧೈರ್ಯಾನೂ ಇಲ್ಲ. ಅದಕ್ಕೆ ಫೋನಿಗೆ ಹೇಳ್ತಿದೀನಿ, ಅದೇ ಬರ್ಕೊಳ್ಳುತ್ತೆ.

ದೊರೇನ ಈಗಲೇ ನಾಯಿ ಡಾಕ್ಟರ ಹತ್ರ ಕರ್ಕೊಂಡು ಹೋಗ್ಬೇಕು. ಮೆಟ್ಟಿಲ ಹತ್ರ ಅವನ ತುಟಿ ಎತ್ತಿ ನೋಡ್ದೆ, ಒಸಡು ಸುಣ್ಣದ ಥರ ಬೆಳ್ಳಗಾಗಿದೆ. ಉಣ್ಣೆ ಹುಳ ಕಚ್ಚಿ ಬರೋ ಜ್ವರ ಅದು.

"ನೀನು ತಂದ್ಕೊಟ್ಟ ಮಾತ್ರೆ ದಿನಾ ಕೊಡ್ತಿದೀನಲ್ಲೋ, ನಮ್ಮ ದೊರೆ ಯಾಕೋ ಏಳ್ತಾನೇ ಇಲ್ಲ?" ಅಂತ ಕೇಳಿದ್ರಿ. "ಸ್ವಲ್ಪ ಟೈಮ್ ಹಿಡಿಯುತ್ತೆ" ಅಂದೆ. ಸುಳ್ಳು. ಆ ಜ್ವರ ತಡೆಯೋ ಮಾತ್ರೇನ ನಮ್ಮ ಲ್ಯಾಬಲ್ಲಿ ಪರೀಕ್ಷೆ ಮಾಡ್ತಿದಾರೆ. ಅರ್ಧ ನಾಯಿಗಳಿಗೆ ನಿಜವಾದ ಮಾತ್ರೆ, ಉಳಿದವಕ್ಕೆ ಬರೀ ಹಿಟ್ಟಿಂದು, ಹೋಲಿಸಿ ನೋಡೋಕೆ. ದೊರೇಗೆ ಬಂದಿದ್ದು ಹಿಟ್ಟು. ಡಬ್ಬಿ ತುಂಬೋನೇ ನಾನು, ನಂಗೊತ್ತು. ನಿಮಗೆ ಮೊದಲೇ ಹೇಳಿ ಒಪ್ಪಿಗೆ ಕೇಳ್ಬೇಕಿತ್ತು. ಬೇಡ ಅಂದ್ಬಿಟ್ರೆ? ನಾಯಿಗಳನ್ನ ಹುಡುಕಿ ತರದಿದ್ರೆ ನನ್ನ ಕೆಲಸ ಹೋಗ್ತಿತ್ತು. ಹೇಳ್ದೇನೇ ಡಬ್ಬಿ ನಿಮ್ಮ ಕೈಗಿಟ್ಟೆ.

ಗೊತ್ತಿಲ್ಲದ ಊರಲ್ಲಿ ನಂಗೆ ರೂಮ್ ಕೊಟ್ಟೋರು ನೀವೊಬ್ರೇ. ಪಕ್ಕದ್ಮನೆಯವರಿಗೆಲ್ಲ "ನಮ್ಮ ಹುಡುಗ ಅರ್ಧ ಡಾಕ್ಟ್ರು ಕಣ್ರೀ" ಅಂತ ಹೇಳ್ಕೊಂಡು ಬಂದ್ರಿ. ನಾನು ಹಲ್ಲು ಕಿರಿದು ನಿಂತಿದ್ದೆ.

ಆಸ್ಪತ್ರೆ ತೆರೆದಿದೆ, ಕೇಳ್ಕೊಂಡಿದೀನಿ. ಟ್ಯಾಕ್ಸಿ ಗೇಟ್ ಹತ್ರ ಬಂದಿದೆ. ಡಾಕ್ಟ್ರಿಗೆ, ಲ್ಯಾಬಿನವರಿಗೆ ನಡೆದಿದ್ದೆಲ್ಲಾ ನಾನೇ ಹೇಳ್ತೀನಿ. ರೂಮ್ ಖಾಲಿ ಮಾಡು ಅಂದ್ರೆ ಮಾಡ್ತೀನಿ. ದಾರೀಲಿ ನನ್ನ ಹತ್ರ ಮಾತಾಡದಿದ್ರೂ ಸರಿ. ಆದ್ರೆ ಅಷ್ಟು ಭಾರದ ನಾಯೀನ ನಿಮ್ಮೊಬ್ರ ಕೈಲಿ ಎತ್ತೋಕಾಗಲ್ಲ. ನಿಮ್ಮ ಬಾಗಿಲ ಹೊರಗೇ ನಿಂತಿದೀನಿ. ಚಿಲಕ ತೆಗೀರಿ.

ನಿಮ್ಮ ಅರ್ಧ ಡಾಕ್ಟ್ರು ಅಲ್ಲದವನು