ಚೈತ್ರ ಬಿಚ್ಚಿಸಿದ ಪೆಟ್ಟಿಗೆ

ಗೆಳೆಯ ನಾಗರಾಜ,

ಹೋದ ತಿಂಗಳು ಬನಶಂಕರಿಯ ನಿನ್ನ ಮನೆಯಲ್ಲಿ ಒಂದು ಪಂಚಾಯಿತಿ ನಡೆಯಿತು. ನೀನು ಹೋಗಿ ಮೂರು ವರ್ಷವಾಯಿತಲ್ಲ, ತೀರ್ಪು ಹೇಳುವ ಕೆಲಸ ನನ್ನ ತಲೆಗೆ ಬಂತು. ನಿನ್ನ ಮಗಳು ಚೈತ್ರಳಿಗೆ ಕಂಪ್ಯೂಟರ್ ಬೇಕು. ಓದುವುದಕ್ಕಲ್ಲ, ಗೇಮ್ ಆಡುವುದಕ್ಕೆ. ಅದನ್ನವಳು ಮುಚ್ಚಿಡಲೂ ಇಲ್ಲ.

ಹದಿನೈದು ವರ್ಷದ ಹಿಂದೆ, ತೊಂಬತ್ತರ ದಶಕದ ಕೊನೆಗೆ, ಜಯನಗರದಲ್ಲಿ ವಿಡಿಯೋ ಗೇಮ್ ಅಂಗಡಿಗಳು ಶುರುವಾದಾಗ ನಾವಿಬ್ಬರೂ ಕೆಂಡವಾಗಿ ಪತ್ರಿಕೆಗೆ ಬರೆದದ್ದು ನೆನಪಿದೆಯೇ? ಆಗ ಚೈತ್ರ ನಿನ್ನ ಸ್ಕೂಟರಿನ ಮುಂದೆ ನಿಂತು ಬರುತ್ತಿದ್ದ ಮಗು. ಈಗ ಹದಿನೆಂಟು. ಬಿ.ಟಿ.ಎಂ. ಕಡೆಯ ಸೈಬರ್ ಕೆಫೆಯಲ್ಲಿ ಅವಳು ಆಡಲು ಕೂತರೆ ಹುಡುಗರು ಕುರ್ಚಿಯ ಹಿಂದೆ ನಿಂತು, “ಹುಡ್ಗೀರ್ಗೆಲ್ಲ ಯಾಕ್ ಗುರೂ ಇದು?” ಅನ್ನುತ್ತಿದ್ದರಂತೆ. ಅವರನ್ನು ಸೋಲಿಸಿ ಸೋಲಿಸಿ ಬೇಜಾರಾಗಿದೆ, ಇನ್ನು ಮನೆಯಲ್ಲೇ ಆಡುತ್ತೇನೆ ಅನ್ನುತ್ತಾಳೆ. ಇಂಥವಳಿಗೆ ನಾನು ಯಾವ ಬಾಯಲ್ಲಿ ಬುದ್ಧಿ ಹೇಳಲಿ?

ಸರೋಜಮ್ಮ ಅಂದು ಕಾಫಿ ಲೋಟ ಕೈಗಿಡುತ್ತಲೇ ದೂರು ಶುರು ಮಾಡಿದರು. “ಬಿಡಿ ಸಾಮಾನು ತಂದು ತಾನೇ ಜೋಡಿಸ್ತಾಳಂತೆ. ಕೆಟ್ಟೋದ್ರೆ ನಾನು ಯಾರನ್ನ ಕರೀಲಿ? ಅವರಿದ್ದಿದ್ರೆ ಬೇರೆ ಮಾತು. ಅಂಗಡೀಲಿ ರೆಡಿ ಇರೋದನ್ನೇ ಕೊಡ್ಸಿಬಿಡಿ.”

“ಅಪ್ಪ ಇದ್ದಿದ್ರೂ ಫ್ಯೂಸ್ ಹಾಕೋಕೆ ಪಕ್ಕದ್ಮನೆ ಅಂಕಲ್‌ನೇ ಕರೀತಿದ್ರು, ಅಮ್ಮಾ,” ಅಂದಳು ಚೈತ್ರ.

ನಾನು ನಗಬಾರದಿತ್ತು. ಆದರೆ ನೀನೇ ಹೇಳು, ಸುಳ್ಳೇ?

ನಕ್ಕರೂ ನಾನು ಸರೋಜಮ್ಮನ ಪಕ್ಷವೇ ಆಗಿದ್ದೆ. ರೆಡಿ ಕಂಪ್ಯೂಟರಿಗೆ ಬಿಲ್ ಇರುತ್ತದೆ, ವಾರಂಟಿ ಇರುತ್ತದೆ, ಮೋಸವಾದರೆ ಹಿಡಿದು ಕೇಳಲು ಒಬ್ಬ ಮನುಷ್ಯ ಇರುತ್ತಾನೆ. ನೀನೂ ನಾನೂ ಜೀವಮಾನವಿಡೀ ನಂಬಿದ್ದು ಕಾಗದವನ್ನಲ್ಲವೇ?

ಮರುದಿನ ಅಮ್ಮ ಮಗಳನ್ನು ಕರೆದುಕೊಂಡು ಫೋರ್ತ್ ಬ್ಲಾಕಿನ ಒಂದು ಅಂಗಡಿಗೆ ಹೋದೆ. ನೀಲಿ ದೀಪ ಮಿನುಗುವ ಕಪ್ಪು ಪೆಟ್ಟಿಗೆ, ಗೇಮ್ ಆಡುವವರಿಗೆಂದೇ ಜೋಡಿಸಿಟ್ಟದ್ದು. ನಾನು ಕನ್ನಡಕ ಹಾಕಿಕೊಂಡು ವಿವರದ ಪಟ್ಟಿಯನ್ನು ಮೂರು ಸಲ ಓದಿದೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎಲ್ಲಕ್ಕೂ ಹೆಸರು, ಎಲ್ಲಕ್ಕೂ ನಂಬರು. ಸರಿ ಇದೆ ಎಂದು ತಲೆಯಾಡಿಸುತ್ತಿದ್ದೆ, ಅಷ್ಟರಲ್ಲಿ…

“ಒಂದ್ಸಲ ಬಿಚ್ಚಿ ತೋರಿಸಿ ಅಣ್ಣ,” ಅಂದಳು ನಿನ್ನ ಮಗಳು.

ಅಂಗಡಿಯವನು ಅವಳನ್ನು ಬಿಟ್ಟು ನನ್ನ ಮುಖ ನೋಡಿದ. “ಸೀಲ್ ಇದೆ ಸಾರ್. ತೆಗೆದ್ರೆ ವಾರಂಟಿ ಹೋಗುತ್ತೆ.”

“ಸೀಲ್ ಅಂಟಿಸಿದ್ದು ನೀವೇ ತಾನೆ? ತೆಗೆದು ಇನ್ನೊಂದು ಅಂಟಿಸಿ.”

ನನಗೆ ಮೈಯುರಿದುಹೋಯಿತು. ದುಡ್ಡು ಕೊಡುವವನು ತಾನು ಕೊಳ್ಳುವ ವಸ್ತುವಿನ ಹೊಟ್ಟೆಯೊಳಗೆ ಏನಿದೆ ಎಂದು ನೋಡಿದರೆ ಹಕ್ಕನ್ನೇ ಕಳೆದುಕೊಳ್ಳಬೇಕಂತೆ! ಇದನ್ನು ಬರೆದ ಪುಣ್ಯಾತ್ಮ ಯಾರು? ನಾನು ದನಿ ಎತ್ತಿದೆ. ಬೇರೆ ಗಿರಾಕಿಗಳು ತಿರುಗಿ ನೋಡತೊಡಗಿದ ಮೇಲೆ ಸ್ಕ್ರೂಡ್ರೈವರ್ ಹೊರಬಂತು.

ಚೈತ್ರ ಬಗ್ಗಿ ನೋಡಿದವಳು ಮೂಲೆಯ ಒಂದು ತಗಡಿನ ಡಬ್ಬಿಯನ್ನು ಬೆರಳಲ್ಲಿ ತಟ್ಟಿದಳು. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆಲ್ಲ ಹಂಚುವ ಪವರ್ ಸಪ್ಲೈ ಅದು. “ಇಷ್ಟ್ ದೊಡ್ಡ ಗ್ರಾಫಿಕ್ಸ್ ಕಾರ್ಡ್‌ಗೆ ಇಷ್ಟ್ ಚಿಕ್ಕದು ತಡಿಯುತ್ತಾ ಅಣ್ಣ? ಬೇಸಿಗೇಲಿ ಎರಡು ಗಂಟೆ ಆಡಿದ್ರೆ ಸುಟ್ಟೋಗುತ್ತೆ.”

“ಎಲ್ಲಾರೂ ಇದನ್ನೇ ತಗೊಂಡೋಗ್ತಾರಮ್ಮ,” ಎನ್ನುತ್ತ ಅವನು ಮುಚ್ಚಳ ಹಾಕತೊಡಗಿದ.

ನಾನು ಪಟ್ಟಿಯನ್ನು ನಾಲ್ಕನೆಯ ಸಲ ನೋಡಿದೆ. ಪವರ್ ಸಪ್ಲೈಯ ಸಾಲೇ ಇರಲಿಲ್ಲ. ನಾಗರಾಜ, ಬರೆದದ್ದನ್ನೆಲ್ಲ ನಾನು ಓದಿದ್ದೆ; ಬರೆಯದೆ ಬಿಟ್ಟದ್ದು ನಿನ್ನ ಮಗಳ ಕಣ್ಣಿಗೆ ಬಿತ್ತು. ಇಷ್ಟು ವರ್ಷ ಪುಸ್ತಕ ಓದಿದ ಜಂಬ ಇಳಿಯಿತು. ಇಳಿದದ್ದಕ್ಕೆ ಯಾಕಷ್ಟು ಖುಷಿಯಾಯಿತೋ!

ಬಸ್ ಸ್ಟಾಪಿನಲ್ಲೇ ನನ್ನ ತೀರ್ಪು ಹೇಳಿದೆ. “ಅವಳೇ ಜೋಡಿಸಲಿ ಸರೋಜಮ್ಮ.”

“ಕೆಟ್ಟೋದ್ರೆ?”

“ಕೆಟ್ರೆ ಅಂಗಡಿಯವನು ಬರೋಕೆ ಒಂದು ವಾರ. ಇವಳು ಮನೇಲೇ ಇರ್ತಾಳಲ್ಲ.”

ಅವರು ಮಗಳ ಕಡೆ ತಿರುಗಿ, “ಬಿಡಿ ಸಾಮಾನಿಗೆ ಒಟ್ಟು ಎಷ್ಟಾಗುತ್ತೆ?” ಎಂದರು.

ಕಳೆದ ಭಾನುವಾರ ನಿಮ್ಮ ಊಟದ ಮೇಜಿನ ತುಂಬ ಕಂಪ್ಯೂಟರಿನ ಭಾಗಗಳು. ಸರೋಜಮ್ಮ ಅರಿಶಿನ ಕುಂಕುಮ ಹಚ್ಚಿ ಅಕ್ಷತೆ ಹಾಕಲು ಕೈಯೆತ್ತಿದರೆ, “ಅಮ್ಮಾ, ಫ್ಯಾನ್ ಒಳಗೆ ಬೀಳುತ್ತೆ!” ಎಂದು ಮಗಳ ಚೀತ್ಕಾರ. ಮಧ್ಯಾಹ್ನ ಸ್ವಿಚ್ ಒತ್ತಿದಳು. ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪಗೇ ಉಳಿಯಿತು. ಸರೋಜಮ್ಮ ನನ್ನ ಕಡೆ ನೋಡಿದ ನೋಟ… ಬೇಡ ಬಿಡು. ಚೈತ್ರ ಗಾಬರಿಯಾಗಲಿಲ್ಲ. ವೈರ್ ಕಿತ್ತು, ಮತ್ತೆ ಬಿಚ್ಚಿ, ಒಂದೊಂದನ್ನೇ ಮುಟ್ಟಿ ನೋಡುತ್ತ ಹೋದಳು. ಒಳಗೆ ಕತ್ತಲೆ ಎಂದಾಗ ಟಾರ್ಚ್ ತಂದು ಹಿಡಿದವರು ಸರೋಜಮ್ಮನೇ. ಮೆಮೊರಿಯ ತೆಳು ಹಲಗೆಯೊಂದು ತನ್ನ ಸಂದಿನಲ್ಲಿ ಪೂರ್ತಿ ಕೂತಿರಲಿಲ್ಲ. ಎರಡು ಹೆಬ್ಬೆರಳಿಟ್ಟು ಒತ್ತಿದಳು, ಟಕ್ ಎಂದಿತು. ಈ ಸಲ ಪರದೆ ಬೆಳಗಿತು.

ಸಂಜೆ ಪಕ್ಕದ ಮನೆಯಾಕೆ ಬಂದು ನೋಡಿ, “ಸಖತ್ತಾಗಿದೆ ರೀ. ಯಾವ ಕಂಪನೀದು?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ನಿನ್ನ ಹೆಂಡತಿ ಉತ್ತರ ಕೊಟ್ಟರು, ಗೇಟಿನಾಚೆಗೂ ಕೇಳುವ ಹಾಗೆ: “ಕಂಪನೀದಲ್ಲ ರೀ. ನಮ್ ಚೈತ್ರ ಮಾಡಿದ್ದು. ನಿಮ್ಮನೇದು ಕೆಟ್ರೆ ಹೇಳಿ, ಕಳಿಸ್ತೀನಿ.”