ಒಂಬತ್ತು ನಿಮಿಷದ ಅಲೆ

ಹೊಸಅಳಿವೆ ಬಂದರು
ಕಡಲೇರಿಕೆಯ ನೂರಾ ಎಪ್ಪತ್ತನಾಲ್ಕನೆಯ ವರ್ಷ, ಎರಡನೆಯ ಮಳೆಗಾಲದ ಒಂಬತ್ತನೆಯ ದಿನ

ಭೌತಶಾಸ್ತ್ರದ ಮೊದಲ ವರ್ಷದ ತರಗತಿಯಲ್ಲಿ ಕೂತಿರುವ, ಅಥವಾ ಅಲ್ಲಿ ನಿಂತು ಪಾಠ ಹೇಳುತ್ತಿರುವ ಹಿರಿಯರಿಗೆ,

ಮೇಲಿನ ತಾರೀಖು ನಿಮ್ಮ ಯಾವ ಪಂಚಾಂಗದಲ್ಲೂ ಸಿಗದು. ನಿಮ್ಮಿಂದ ಇನ್ನೂರಕ್ಕೂ ಹೆಚ್ಚು ವರ್ಷ ಈಚೆ ಕೂತು ಬರೆಯುತ್ತಿದ್ದೇನೆ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಉಳಿದುಬಂದ ಪಠ್ಯಪುಸ್ತಕಗಳಿಂದ. ಹಾಗಾಗಿ ಮಾತು ಅಲ್ಲಲ್ಲಿ ಬಿಗಿಯಾಗಿ, ಅಲ್ಲಲ್ಲಿ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮಗೆ ಹದಿನೆಂಟೇ ವರ್ಷವಿರಬಹುದು. ಆದರೂ ನೀವು ನನ್ನ ಅಜ್ಜಿಯ ಅಜ್ಜಿಗಿಂತ ಹಿರಿಯರು. ಆದ್ದರಿಂದ ಬಹುವಚನದಲ್ಲೇ ಮಾತಾಡಿಸುತ್ತೇನೆ.

ನನ್ನ ಹೆಸರು ಯಮುನಾ ಪಟಗಾರ. ಇಲ್ಲಿನ ವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ಒಂದೇ ಪಾಠ ಹೇಳಿದ್ದೇನೆ: ಹರಿವು, ಅಲೆ, ಬೆಳಕು. ನಿಮ್ಮಲ್ಲೂ ಇದು ಮೊದಲ ವರ್ಷದ ಪಾಠವೇ ಎಂದು ಬಲ್ಲೆ. ನಮ್ಮಲ್ಲಿ ನಿವೃತ್ತರಾಗುವ ಶಿಕ್ಷಕರು ಒಂದು ಹಿನ್ನೋಲೆ ಬರೆಯಬೇಕು. ಹಿನ್ನೋಲೆಯೆಂದರೆ ತನಗಿಂತ ಮೊದಲು ಅದೇ ಪಾಠ ಓದಿದವರಿಗೆ ಬರೆಯುವ ಓಲೆ. ಅದು ನಿಮ್ಮನ್ನು ತಲುಪುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಬರೆಯುವಾಗ ಮಾತ್ರ ತಲುಪುತ್ತದೆಂದೇ ನಂಬಿ ಬರೆಯಬೇಕು, ಸುಳ್ಳು ಬರೆಯಬಾರದು. ಹೆಚ್ಚಿನವರು ತಮ್ಮ ಸಾಧನೆಯನ್ನು ಬರೆಯುತ್ತಾರೆ. ನಾನು ತಪ್ಪು ಹಾಕಿದ ಒಂದು ಉತ್ತರದ ಬಗ್ಗೆ ಬರೆಯುತ್ತೇನೆ.

ಮೊದಲು ನಮ್ಮ ಊರನ್ನು ಹೇಳಬೇಕು. ನೀವು ಗದ್ದೆ, ರಸ್ತೆ, ಬಸ್ ನಿಲ್ದಾಣ ಎಂದು ಗುರುತಿಸುತ್ತಿದ್ದ ಜಾಗ ಈಗ ನೀರು. ಒಂಬೈನೂರು ಮೀಟರ್ ಉದ್ದದ ಬಂದರು. ಮೂರು ಕಡೆ ಕಡಲಗೋಡೆ, ಪಡುವಣಕ್ಕೆ ಬಾಯಿ. ಒಳಗೆ ಮುನ್ನೂರ ನಲವತ್ತು ತೇಲ್ಮನೆಗಳು. ತೇಲ್ಮನೆಯೆಂದರೆ ದೋಣಿಯಲ್ಲ, ಹಗ್ಗದಿಂದ ಕಂಬಕ್ಕೆ ಕಟ್ಟಿದ ನಿಜವಾದ ಮನೆ. ಒಲೆಯಿದೆ, ತುಳಸಿಯ ಡಬ್ಬವಿದೆ, ಅಟ್ಟದ ಮೇಲೆ ಮಳೆನೀರಿನ ತೊಟ್ಟಿಯಿದೆ. ಪಾತ್ರೆಗಳನ್ನು ಕೊಕ್ಕೆಗೆ ತೂಗುಹಾಕುತ್ತೇವೆ, ಸಾರನ್ನು ಅರ್ಧ ಪಾತ್ರೆಗಿಂತ ಹೆಚ್ಚು ಮಾಡುವುದಿಲ್ಲ. ಮದುವೆಯಾದರೆ ಎರಡು ಮನೆಯನ್ನು ಒಂದು ವಾರ ಜೋಡಿಸಿ ಕಟ್ಟುವ ಪದ್ಧತಿಯಿದೆ. ಆದ್ದರಿಂದ ಇಲ್ಲಿ ಹಗ್ಗವೆಂದರೆ ನಿಮಗೆ ಅಡಿಪಾಯವಿದ್ದಂತೆ. ಹಗ್ಗ ಹೊಸೆಯುವವರ ಮಾತಿಗೆ ತೂಕವಿರುತ್ತದೆ, ಅದು ತಪ್ಪಿದರೆ ಅವಮಾನವೂ ಅಷ್ಟೇ ದೊಡ್ಡದು.

ಮಾದೇವಿ ಅಂಬಿಗ ಹಗ್ಗ ಹೊಸೆಯುವವಳು. ತೆಂಗಿನ ನಾರಾದ ಕತ್ತಕ್ಕೆ ಬಾಳೆನಾರು ಸೇರಿಸಿ ಅವಳು ಹೊಸೆದ ಹಗ್ಗ ಹನ್ನೆರಡು ವರ್ಷ ಬಾಳುತ್ತಿತ್ತು. ಅವಳು ನನ್ನ ತರಗತಿಗೆ ಹೆಸರು ಕೊಡಲು ಬಂದಾಗ ಅವಳಿಗೆ ಐವತ್ತೊಂದು, ನನಗೆ ನಲವತ್ತು. ಬೇರೆ ವಿದ್ಯಾರ್ಥಿಗಳಿಗೆಲ್ಲ ಹದಿನೆಂಟು, ಹತ್ತೊಂಬತ್ತು. ಯಾಕೆ ಬಂದಿರಿ ಎಂದು ಕೇಳಿದೆ.

"ನಂಗೆ ಪಾಸಾಗೂದೇನೂ ಬೇಡ ಅಕ್ಕೋರೆ," ಎಂದಳು. ಇಲ್ಲಿ ಶಿಕ್ಷಕಿಯನ್ನು ಈಗಲೂ ಅಕ್ಕೋರು ಎನ್ನುತ್ತಾರೆ. "ನನ್ನ ಹಗ್ಗ ಎಂತಕ್ಕೆ ಹರೀತದೆ ಅಂತ ಗೊತ್ತಾದ್ರೆ ಸಾಕು."

ಅವಳು ಬರುವ ಹಿಂದಿನ ವರ್ಷ ಕೇರಿಸಭೆ ಒಂದು ಕೆಲಸ ಶುರುಮಾಡಿತ್ತು. ಕೇರಿಸಭೆಯೆಂದರೆ ಬಂದರಿನ ಆಡಳಿತ. ಹೊರಗಿನ ಅಲೆಗಳು ಜೋರಾಗುತ್ತಿವೆ, ಬಂದರಿನ ಬಾಯಿಯನ್ನು ಕಿರಿದು ಮಾಡಿದರೆ ಒಳಗೆ ನೀರು ಶಾಂತವಾಗಿರುತ್ತದೆ ಎಂಬ ಲೆಕ್ಕಾಚಾರ. ನೂರ ಇಪ್ಪತ್ತು ಮೀಟರ್ ಬಾಯಿಯನ್ನು ಮೊದಲ ಹಂತದಲ್ಲಿ ಎಂಬತ್ತಕ್ಕೆ ತಂದಿದ್ದರು, ಎರಡನೆಯ ಹಂತದಲ್ಲಿ ನಲವತ್ತಕ್ಕೆ ತರುವವರಿದ್ದರು. ಸಲಹೆ ಕೇಳಿದಾಗ ನಾನೂ ಒಪ್ಪಿ ಸಹಿ ಹಾಕಿದ್ದೆ. ಆದರೆ ಮೊದಲ ಹಂತ ಮುಗಿದ ಮೇಲೆ ಗಾಳಿಯೇ ಇಲ್ಲದ ದಿನಗಳಲ್ಲೂ ತೇಲ್ಮನೆಗಳ ಹಗ್ಗ ಹರಿಯತೊಡಗಿದವು. ಕಣ್ಣಿಗೆ ಕಾಣುವ ಅಲೆಯಿಲ್ಲ, ಬಿರುಗಾಳಿಯಿಲ್ಲ. ಹಾಗಾದರೆ ತಪ್ಪು ಯಾರದು? ಹಗ್ಗದ್ದು. ಮಾದೇವಿ ನಾರು ಕಡಿಮೆ ಹಾಕಿದ್ದಾಳೆ, ಹಳೆಯ ಕತ್ತ ಸೇರಿಸಿದ್ದಾಳೆ ಎಂದು ಕೇರಿಯಲ್ಲಿ ಮಾತು ಹಬ್ಬಿತು. ಮೂವತ್ತು ವರ್ಷ ಅವಳ ಹಗ್ಗ ನಂಬಿ ಮಲಗಿ ಎದ್ದವರು ಅವಳ ಅಂಗಳದ ಮುಂದೆ ದೋಣಿ ನಿಲ್ಲಿಸುವುದನ್ನೂ ಬಿಟ್ಟರು.

ತರಗತಿಯಲ್ಲಿ ಅವಳು ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ಸೂತ್ರ ಬಂದರೆ ಮುಖ ಗಂಟಿಕ್ಕುತ್ತಿದ್ದಳು, ಪ್ರಯೋಗ ಬಂದರೆ ಎಲ್ಲರಿಗಿಂತ ಮುಂದೆ ಬಂದು ನಿಲ್ಲುತ್ತಿದ್ದಳು. ಅರ್ಧವರ್ಷದ ಪರೀಕ್ಷೆಯಲ್ಲಿ ನಾನೊಂದು ಪ್ರಶ್ನೆ ಕೊಟ್ಟೆ: ಬಂದರಿನ ಬಾಯಿಯನ್ನು ಕಿರಿದು ಮಾಡಿದರೆ ಒಳಗಿನ ನೀರಿನ ಏರಿಳಿತ ಏನಾಗುತ್ತದೆ? ಕಾರಣ ಕೊಡಿ. ಎಲ್ಲರೂ ಕಡಿಮೆಯಾಗುತ್ತದೆ ಎಂದು ಬರೆದಿದ್ದರು. ಮಾದೇವಿ ಮೂರೇ ಮಾತು ಬರೆದಿದ್ದಳು: "ಹೆಚ್ಚಾಗುತ್ತದೆ. ಕಾರಣ ಗೊತ್ತಿಲ್ಲ. ನೋಡಿದ್ದೇನೆ."

ನಾನು ಅಡ್ಡಗೆರೆ ಎಳೆದು ಸೊನ್ನೆ ಹಾಕಿದೆ.

ಅವಳು ಉತ್ತರಪತ್ರಿಕೆ ಹಿಡಿದು ನನ್ನ ಕೋಣೆಗೆ ಬಂದಳು. "ತಪ್ಪು ಹಾಕಿದ್ರಲ್ಲ ಅಕ್ಕೋರೆ, ಬಾಯಿ ಸಣ್ಣ ಮಾಡಿದ ಮೇಲೇ ಅಲ್ರಾ ಹಗ್ಗ ಹರಿಯೂಕೆ ಸುರು ಆಗಿದ್ದು?"

"ಕಿಂಡಿ ಸಣ್ಣದಾದರೆ ಒಳಗೆ ಬರುವ ಅಲೆಯೂ ಸಣ್ಣದು ಮಾದೇವಕ್ಕ. ಪ್ರಯೋಗಶಾಲೆಯ ತೊಟ್ಟಿಯಲ್ಲಿ ಅಲೆ ಎಬ್ಬಿಸಿ ತೋರಿಸಿದ್ದೆನಲ್ಲ," ಎಂದೆ.

"ತೊಟ್ಟಿ ಎಷ್ಟು ಹೊತ್ತು ನೋಡಿದ್ರಿ?"

ಒಂದು ನಿಮಿಷ ನೋಡಿದ್ದೆ. ಆ ಮಾತು ನನ್ನನ್ನು ಚುಚ್ಚಿತು. ಚುಚ್ಚಿದ್ದಕ್ಕೇ ಸಿಟ್ಟು ಬಂತು. ತರಗತಿಗೆ ಹೊತ್ತಾಯಿತೆಂದು ಅವಳನ್ನು ಕಳಿಸಿಬಿಟ್ಟೆ.

ಹದಿನೈದು ದಿನ ಕಳೆದಿರಲಿಲ್ಲ. ಒಂದು ಮಧ್ಯಾಹ್ನ ಬಂದರಿನ ಬಾಯಿಯ ಹತ್ತಿರವಿದ್ದ ಬೊಮ್ಮಯ್ಯನ ತೇಲ್ಮನೆಯ ಎರಡು ಹಗ್ಗ ಒಟ್ಟಿಗೇ ಹರಿದವು. ಮನೆ ತಿರುಗಿ ಗೋಡೆಗೆ ಬಡಿಯಿತು, ನಡುವೆ ಸಿಕ್ಕಿದ ಅವನ ಕಾಲು ಮುರಿಯಿತು. ಬೊಮ್ಮಯ್ಯ ಮಾದೇವಿಯ ಚಿಕ್ಕಪ್ಪನ ಮಗ. ಆಸ್ಪತ್ರೆಯ ಜಗಲಿಯಲ್ಲಿ ಅವನ ಹೆಂಡತಿ ಎಲ್ಲರ ಮುಂದೆ ಕೂಗಿದಳು: "ನಿನ್ನ ಹಗ್ಗ ನಂಬಿ ಮಲಗಿದ್ದಕ್ಕೆ ಇದನಾ ಕೊಡೂದು?" ಮಾದೇವಿ ಹರಿದ ಹಗ್ಗದ ತುದಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನೇರವಾಗಿ ಪ್ರಯೋಗಶಾಲೆಗೆ ಬಂದು ಮೇಜಿನ ಮೇಲಿಟ್ಟಳು. ಅದರ ಜೊತೆ ಒಂದು ನಕ್ಷೆ. ಯಾವ ಯಾವ ಮನೆಯ ಹಗ್ಗ ಎಲ್ಲಿ ಹರಿಯಿತೆಂದು ಮಸಿಯ ಚುಕ್ಕೆಗಳು. ಒಳಗಿನ ತುದಿಯಲ್ಲಿ ಚುಕ್ಕೆಯೇ ಇಲ್ಲ, ಬಾಯಿಯ ಕಡೆಗೆ ಹೋದಂತೆ ಇರುವೆ ಮುತ್ತಿದ ಹಾಗೆ.

ಕೆಟ್ಟ ನಾರಾಗಿದ್ದರೆ ಚುಕ್ಕೆಗಳು ಎಲ್ಲ ಕಡೆ ಹರಡಿರಬೇಕಿತ್ತು. ನಾನು ಸ್ಟೂಲ್ ಎಳೆದು ಅವಳಿಗೆ ಕೊಟ್ಟೆ. "ತಪ್ಪಾಯ್ತು ಮಾದೇವಕ್ಕ. ಕೂತುಕೊಳ್ಳಿ. ಅಳೆಯೋಣ," ಎಂದೆ.

ಅಳೆದ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ. ನಿಮ್ಮ ತರಗತಿಯಲ್ಲಿ ಬೇರೆ ಬೇರೆಯಾಗಿ ಕಲಿಸುವ ಮೂರೂ ಪಾಠಗಳು ಅಲ್ಲಿ ಬೇಕಾದವು. ಬಂದರಿನ ಒಳತುದಿಯಲ್ಲಿ ಕಲ್ಲಿನ ಕಟ್ಟೆಯಿದೆ, ಅದು ತೇಲುವುದಿಲ್ಲ. ಅದಕ್ಕೆ ಒಂದು ದಪ್ಪ ಕೊಳವೆಯನ್ನು ನೆಟ್ಟಗೆ ಕಟ್ಟಿದೆವು. ಅಡಿಯಲ್ಲಿ ಕಿರುಬೆರಳು ಹೋಗುವಷ್ಟು ತೂತು. ಚಿಕ್ಕ ಅಲೆಗಳು ಬಂದುಹೋಗುವಷ್ಟರಲ್ಲಿ ಆ ತೂತಿನಲ್ಲಿ ಹೆಚ್ಚು ನೀರು ಹರಿಯಲಾರದು. ನಿಧಾನವಾದ ಏರಿಳಿತವಿದ್ದರೆ ಮಾತ್ರ ಕೊಳವೆಯೊಳಗಿನ ನೀರೂ ಅದರ ಜೊತೆ ಏರಿ ಇಳಿಯುತ್ತದೆ. ಒಳಗೆ ಒಂದು ಬೆಂಡು, ಬೆಂಡಿಗೆ ಸನ್ನೆಕೋಲು, ಕೋಲಿನ ಕೀಲಿನಲ್ಲಿ ಚೂರು ಕನ್ನಡಿ. ಕಟ್ಟೆಯ ಮೇಲಿನ, ಕಿಟಕಿ ಮುಚ್ಚಿದ ಶೆಡ್ಡಿನಲ್ಲಿ ಒಂದು ಕಿರಣವನ್ನು ಕನ್ನಡಿಗೆ ಬಿಟ್ಟೆವು. ಕನ್ನಡಿ ಕೂದಲೆಳೆಯಷ್ಟು ಓರೆಯಾದರೂ ಎದುರು ಗೋಡೆಯ ಮೇಲಿನ ಬೆಳಕಿನ ಬೊಟ್ಟು ಗೇಣುದ್ದ ಸರಿಯುತ್ತದೆ.

ಬೆಳಗಿನ ಹತ್ತು ಗಂಟೆ. ಹೊರಗೆ ನೀರು ಎಣ್ಣೆಯಂತೆ ನಿಂತಿತ್ತು. ಬೊಟ್ಟು ಗೋಡೆಯ ಮೇಲೆ ಮೆಲ್ಲಗೆ ಏರತೊಡಗಿತು. ಏರಿತು, ನಿಂತಿತು, ಇಳಿಯಿತು, ಮತ್ತೆ ಏರಿತು. ಮಾದೇವಿ ಹಗ್ಗ ಹೊಸೆಯುವಾಗ ಎಣಿಸುವಂತೆ ತುಟಿಯಲ್ಲೇ ಎಣಿಸುತ್ತಿದ್ದಳು. ಒಂದು ಸುತ್ತಿಗೆ ಒಂಬತ್ತು ನಿಮಿಷ. ಬಂದರಿನ ಉದ್ದ, ಐದು ಮೀಟರ್ ಆಳ ಹಾಕಿ ಲೆಕ್ಕ ಮಾಡಿದರೆ ಎಂಟೂವರೆ ನಿಮಿಷ ಬರುತ್ತದೆ. ಬಾಯಿ ಕಿರಿದಾದಾಗ ಅದು ಇನ್ನಷ್ಟು ನಿಧಾನವಾಗುತ್ತದೆ. ಅಷ್ಟು ನಿಧಾನವಾದ ಅಲೆಯನ್ನು ನಾವು ಯಾರೂ ಕಂಡಿರಲಿಲ್ಲ, ಏಕೆಂದರೆ ನಮ್ಮ ಮನೆ, ಒಲೆ, ಮಂಚ ಎಲ್ಲವೂ ಅದರ ಜೊತೆಗೇ ಏರಿ ಇಳಿಯುತ್ತಿದ್ದವು.

"ಬಂದರೇ ತೊಟ್ಟಿಲು ಆಗಿದೆ ಅಲ್ರಾ," ಎಂದಳು ಮಾದೇವಿ.

ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಬೆರಳೆತ್ತರದ ನಿಧಾನ ಅಲೆಗಳು ಕಡಲಿನಲ್ಲಿ ಆಗಾಗ ಬರುತ್ತಲೇ ಇರುತ್ತವೆ. ಅವು ಬಂದರಿನ ಲಯಕ್ಕೆ ಸರಿಯಾಗಿ ತಳ್ಳಿದರೆ ತೊಟ್ಟಿಲು ತೂಗುತ್ತದೆ. ಬಾಯಿ ಅಗಲವಾಗಿದ್ದಾಗ ಆ ತೂಗಾಟ ಹೊರಗೆ ಹರಿದು ಕರಗುತ್ತಿತ್ತು. ಕಿರಿದು ಮಾಡಿ ನಾವು ಅದರ ಹೊರದಾರಿಯನ್ನೇ ಮುಚ್ಚಿದ್ದೆವು. ಒಳತುದಿಯಲ್ಲಿ ನೀರು ಏರಿಳಿಯುತ್ತದೆ, ಅಲ್ಲಿ ಹಗ್ಗಕ್ಕೆ ಎಳೆತವಿಲ್ಲ. ಬಾಯಿಯ ಬಳಿ ಅದೇ ನೀರು ಅಡ್ಡಡ್ಡ ಓಡುತ್ತದೆ, ಹಗ್ಗ ಹರಿಯುವುದು ಅಲ್ಲಿ. ತೊಟ್ಟಿಯನ್ನು ಅದರ ಲಯಕ್ಕೆ ಸರಿಯಾಗಿ ಅರ್ಧ ಗಂಟೆ ಅಲ್ಲಾಡಿಸಿದಾಗ ಅಲ್ಲೂ ಇದೇ ಕಂಡಿತು.

ಕೇರಿಸಭೆಯವರನ್ನು ಶೆಡ್ಡಿಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದೆವು. ಬೇಸರದಿಂದ ಕೆಮ್ಮುತ್ತಿದ್ದವರು ಬೊಟ್ಟು ಮೂರನೆಯ ಸಲ ಏರುವ ಹೊತ್ತಿಗೆ ಮುಂದಕ್ಕೆ ಬಾಗಿ ನೋಡತೊಡಗಿದರು. "ನೀವೇ ಸಹಿ ಹಾಕಿದ್ರಲ್ಲ ಅಕ್ಕೋರೆ?" ಎಂದು ಅಧ್ಯಕ್ಷರು ಕೇಳಿದರು. ಹೌದು, ತಪ್ಪು ನನ್ನದು, ಹಗ್ಗದ್ದಲ್ಲ ಎಂದು ಎಲ್ಲರ ಮುಂದೆ ಹೇಳಿದೆ. ಎರಡನೆಯ ಹಂತ ನಿಂತಿತು. ಮೊದಲನೆಯದನ್ನು ಕೀಳಲು ಎರಡು ವರ್ಷ ಹಿಡಿಯಿತು. ಅಷ್ಟರಲ್ಲಿ ಇನ್ನೂ ಹನ್ನೊಂದು ಹಗ್ಗ ಹರಿದವು, ಆದರೆ ಮಾದೇವಿಯನ್ನು ಯಾರೂ ಬೈಯಲಿಲ್ಲ. ಬೊಮ್ಮಯ್ಯನ ಕಾಲು ಮಾತ್ರ ನೆಟ್ಟಗಾಗಲಿಲ್ಲ. ಅವನ ಹೆಂಡತಿ ಒಂದು ದಿನ ದೋಣಿಯ ತುಂಬ ಕತ್ತ ತಂದು ಮಾದೇವಿಯ ಅಂಗಳದಲ್ಲಿ ಇಳಿಸಿ, ಇಡೀ ದಿನ ಅವಳ ಜೊತೆ ಕೂತು ನಾರು ಬಿಡಿಸಿಕೊಟ್ಟು ಹೋದಳಂತೆ.

ಆ ಪ್ರಶ್ನೆಗೆ ನಾನು ಪೂರ್ತಿ ಅಂಕ ಕೊಟ್ಟೆ. ಮಾದೇವಿ ಒಪ್ಪಲಿಲ್ಲ. "ಕಾರಣ ಬರ್ದಿಲ್ಲ ಅಲ್ರಾ. ಅರ್ಧ ಸಾಕು," ಎಂದು ತಿದ್ದಿಸಿಕೊಂಡಳು. ಮಸೂರದ ಲೆಕ್ಕದಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲಕ್ಕೆ ಪಾಸಾದಳು. ಎಪ್ಪತ್ತರ ಹತ್ತಿರ ತೀರಿಕೊಂಡಳು. ಅಲ್ಲಿಯವರೆಗೂ ಪ್ರತಿ ವರ್ಷ ನನ್ನ ಹೊಸ ವಿದ್ಯಾರ್ಥಿಗಳಿಗೆ ಕೊಳವೆ ಕಟ್ಟುವುದನ್ನು ಅವಳೇ ಹೇಳಿಕೊಡುತ್ತಿದ್ದಳು.

ನನ್ನ ಸಂಕಟ ಬೇರೆ ಇದೆ. ಅವಳಿಗಿಂತ ಮೊದಲು ಹನ್ನೊಂದು ವರ್ಷ ನಾನು ಉತ್ತರಪತ್ರಿಕೆ ತಿದ್ದಿದ್ದೆ. ಎಷ್ಟು ಜನ ಕಣ್ಣಾರೆ ಕಂಡದ್ದನ್ನು ಬರೆದಿದ್ದರೋ, ಎಷ್ಟರ ಮೇಲೆ ಅಡ್ಡಗೆರೆ ಎಳೆದೆನೋ ಗೊತ್ತಿಲ್ಲ. ನಮ್ಮಲ್ಲಿ ಕಾಗದ ಕಡಿಮೆ, ಹಳೆಯ ಉತ್ತರಪತ್ರಿಕೆಗಳನ್ನು ನೆನೆಸಿ ಮತ್ತೆ ಕಾಗದ ಮಾಡುತ್ತೇವೆ. ಅವರಲ್ಲಿ ಹೆಚ್ಚಿನವರು ಮತ್ತೆ ನನ್ನ ಬಾಗಿಲು ತಟ್ಟಲಿಲ್ಲ. ಮಾದೇವಿ ತಟ್ಟಿದಳು, ಏಕೆಂದರೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಆದ್ದರಿಂದ ನಿಮ್ಮಲ್ಲಿ ಬೇಡಿಕೊಳ್ಳುತ್ತೇನೆ. ನೀವು ಪಾಠ ಹೇಳುವವರಾದರೆ ತೊಟ್ಟಿಯ ಪ್ರಯೋಗವನ್ನು ಗಂಟೆ ಹೊಡೆದ ಮೇಲೂ ಸ್ವಲ್ಪ ಹೊತ್ತು ನಡೆಯಲು ಬಿಡಿ. ನೀವು ಓದುವವರಾದರೆ, ನೀವು ಕಂಡದ್ದಕ್ಕೂ ಪುಸ್ತಕದಲ್ಲಿದ್ದುದಕ್ಕೂ ಹೊಂದದಿದ್ದಾಗ ನಾಚಿಕೊಂಡು ಅಳಿಸಬೇಡಿ. ಕಾರಣ ಗೊತ್ತಿಲ್ಲ ಎಂದೇ ಬರೆಯಿರಿ. ಬರೆದು, ಮರುದಿನ ಹೋಗಿ ಕೇಳಿ. ನನ್ನಂಥವರು ಸಿಟ್ಟಾಗುತ್ತೇವೆ. ಆದರೂ ಕೇಳಿ.

ನಿಮ್ಮ ಕಾಲದ ಒಣನೆಲದ ಮೇಲೆ ನೀವು ಸುಖವಾಗಿರಿ.

ಯಮುನಾ ಪಟಗಾರ