ಸೋಮವಾರದ ಮಾತ್ರೆ

ಭದ್ರಾವತಿ
13 ಅಕ್ಟೋಬರ್ 2025, ಸೋಮವಾರ

ನನ್ನ ಸೌಂದರ್ಯಾ,

ನೂರು ಕಾಲ ಚೆನ್ನಾಗಿರು. ಫೋನಿರುವಾಗ ಅಮ್ಮ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ, ಎಲ್ಲರೂ ಚೆನ್ನಾಗಿದ್ದೇವೆ. ನಿನ್ನ ಮಗಳು ಕವನ ಈಗಷ್ಟೇ ಎರಡು ದೋಸೆ ತಿಂದು, ಚಟ್ನಿ ಖಾರ ಎಂದು ನನ್ನ ಜೊತೆ ಜಗಳ ತೆಗೆದು, ಅವಳ ಅಜ್ಜನ ಜೊತೆ ಕಾಲುವೆ ಕಡೆ ತಿರುಗಾಡಲು ಹೋದಳು. ಹುಡುಗಿ ಜಗಳ ತೆಗೆದಳು ಎಂದು ಸಂತೋಷಪಡುವ ಕಾಲ ಬಂತು ನೋಡು ನಮಗೆ!

ಕಾಗದ ಯಾಕೆಂದರೆ, ಈ ಮಾತನ್ನು ಫೋನಿನಲ್ಲಿ ಹೇಳಹೊರಟರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮೂರು ಸಲ ಹಾಗೇ ಆಗಿದೆ. ದೀಪಾವಳಿಗೆ ನೀನೂ ಅಳಿಯಂದಿರೂ ಬರುವ ಮುಂಚೆ ಇದು ನಿನಗೆ ಗೊತ್ತಾಗಲೇಬೇಕು.

ಆಗಸ್ಟಿನಲ್ಲಿ ಕವನ ಮತ್ತೆ ಮಂಕಾದಳಲ್ಲ, ಅದು ನಿನ್ನಿಂದ ಆದದ್ದಲ್ಲ. ನನ್ನಿಂದ.

ನೀನು ಅವತ್ತು ಫೋನಿನಲ್ಲಿ ಅವಳಿಗೆ ‘ಎಷ್ಟು ದಿನ ಹಿಂಗೇ ಇರ್ತೀಯಾ, ಕಾಲೇಜಿಗೆ ಯಾವಾಗ ಹೋಗ್ತೀಯಾ’ ಎಂದು ರೇಗಿದ್ದು ನಿಜ. ಹದಿನೈದು ದಿನದಲ್ಲಿ ಅವಳು ಹಾಸಿಗೆ ಹಿಡಿದದ್ದೂ ನಿಜ. ಅಂದಿನಿಂದ ನೀನು ಹೆತ್ತ ಮಗಳಿಗೆ ಊಟ ಆಯ್ತಾ ಎಂದು ಕೇಳಲೂ ಹೆದರುತ್ತೀಯ. ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಿಂದ ಶಿವಮೊಗ್ಗದ ಹೊಸಮನೆಗೆ ವಾಪಸಾಗುವಾಗ ಬಸ್ಸಿನಲ್ಲಿ ಕಣ್ಣೊರೆಸಿಕೊಳ್ಳುತ್ತೀಯ ಎಂದು ಅಳಿಯಂದಿರೇ ಹೇಳಿದರು. ಅದನ್ನು ಕೇಳಿಯೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ತಾಯಿಯಾದವಳು ಮಾಡುವ ಕೆಲಸವಲ್ಲ ಅದು.

ಆದದ್ದು ಹೀಗೆ. ನೀವಿಬ್ಬರೂ ಕೆಲಸಕ್ಕೆ ಹೋಗುವವರು, ಮಗು ದಿನವಿಡೀ ಒಂಟಿಯಾಗಿರಬಾರದು ಎಂದು ಮನಸ್ಸಿನ ಡಾಕ್ಟರು ಮೇಧಾ ಹೇಳಿದ್ದಕ್ಕೆ ನೀನು ಮೇ ತಿಂಗಳಲ್ಲಿ ಅವಳನ್ನು ಇಲ್ಲಿಗೆ ತಂದು ಬಿಟ್ಟೆ. ಮಾತ್ರೆ ದೊಡ್ಡವರ ಕೈಯಲ್ಲೇ ಇರಲಿ ಎಂದಿದ್ದರು, ಡಬ್ಬಿಯನ್ನು ನನಗೆ ಕೊಟ್ಟೆ. ನಾನು ಅದನ್ನು ದೇವರ ಗೂಡಿನಲ್ಲಿ ವಿಭೂತಿ ಗಟ್ಟಿಯ ಪಕ್ಕ ಇಟ್ಟೆ. ಲಿಂಗಪೂಜೆ ಮುಗಿಸಿ ಏಳುವಾಗ ಕೈಗೆ ಸಿಗುತ್ತದೆ, ಮರೆಯುವ ಮಾತೇ ಇಲ್ಲ. ಮೊದಲ ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಹುಡುಗಿ ತಾನೇ ತಲೆ ಬಾಚಿಕೊಳ್ಳಲು ಶುರು ಮಾಡಿದಳು. ನಿಮ್ಮ ಅಪ್ಪಾಜಿ ಕೆಟ್ಟ ಮಿಕ್ಸಿ ಬಿಚ್ಚಿ ಕೂತರೆ ಪಕ್ಕದಲ್ಲಿ ಸ್ಕ್ರೂ ಹಿಡಿದುಕೊಂಡು ಕೂರುತ್ತಿದ್ದಳು.

ಶ್ರಾವಣ ಬಂತು. ಮೊದಲ ಸೋಮವಾರ ನಾನು ಉಪವಾಸ ಎಂದಾಗ ‘ಅಜ್ಜಿ, ನಾನೂ ಇರ್ತೀನಿ’ ಎಂದಳು. ತಾನಾಗಿ ಏನಾದರೂ ಮಾಡುತ್ತೇನೆ ಎಂದದ್ದು ಎಷ್ಟೋ ತಿಂಗಳ ಮೇಲೆ ಅದೇ ಮೊದಲು, ಬೇಡ ಎನ್ನಲು ಬಾಯಿ ಬರಲಿಲ್ಲ. ಮಾತ್ರೆ ಚೀಟಿಯಲ್ಲಿ ‘ತಿಂಡಿಯ ನಂತರ’ ಎಂದಿತ್ತು. ತಿಂಡಿಯೇ ಇಲ್ಲವಲ್ಲ, ಹಾಗಾದರೆ ಮಾತ್ರೆಯೂ ಇಲ್ಲ ಎಂದುಕೊಂಡೆ. ಏನೂ ಆಗಲಿಲ್ಲ. ಮಂಗಳವಾರ ನಗುನಗುತ್ತಲೇ ಇದ್ದಳು. ಆಗ ನೋಡು, ನನಗೆ ಇಲ್ಲದ ಬುದ್ಧಿ ಬಂತು. ಒಂದು ದಿನ ಬಿಟ್ಟರೆ ಏನೂ ಆಗದಿದ್ದರೆ ಎರಡು ದಿನ ಬಿಟ್ಟರೂ ಆಗದು ಎಂದು ಶುಕ್ರವಾರವೂ ಬಿಡಿಸಿದೆ. ಎರಡನೇ ಸೋಮವಾರದ ಹೊತ್ತಿಗೆ, ಹುಷಾರಾದ ಹುಡುಗಿಗೆ ಯಾತರ ಮಾತ್ರೆ, ಇದೇ ಅಭ್ಯಾಸವಾದರೆ ನಾಳೆ ಏನು ಗತಿ ಎಂದು ಪೂರಾ ನಿಲ್ಲಿಸಿಬಿಟ್ಟೆ. ಡಾಕ್ಟರೇ ಹೇಳಿದ್ದಾರೆ ಎಂದು ಅವಳನ್ನು ನಂಬಿಸಿದೆ. ನೀನು ಫೋನಿನಲ್ಲಿ ಮಾತ್ರೆ ಆಯ್ತಾ ಎಂದರೆ ಆಯ್ತು ಎಂದೆ. ಹಣೆಯ ವಿಭೂತಿ ಆರುವ ಮುಂಚೆ ಸುಳ್ಳು ಹೇಳುತ್ತಿದ್ದೆ ಕಣೇ.

ಗೌರಿ ಹಬ್ಬದ ದಿನ ಅವಳು ಸ್ನಾನಕ್ಕೇ ಏಳಲಿಲ್ಲ. ಮಾರನೆಯ ದಿನ ಗಣಪನ ಕಡುಬು ಅವಳ ತಟ್ಟೆಯಲ್ಲೇ ತಣ್ಣಗಾಯಿತು. ‘ಏಳಮ್ಮ, ಹಬ್ಬದ ದಿನ ಮಲಗಬಾರದು’ ಎಂದರೆ ಗೋಡೆ ಕಡೆ ತಿರುಗಿದಳು. ಆ ಬೆನ್ನು ನೋಡಿ ನಾನು ದೇವರ ಗೂಡಿನಿಂದ ಡಬ್ಬಿ ಇಳಿಸಿದೆ.

ನಿನಗೆ ಪರೀಕ್ಷೆ ಕೆಲಸ ಬಿದ್ದಿತ್ತು. ನಾನೂ ನಿಮ್ಮ ಅಪ್ಪಾಜಿಯೂ ಅವಳನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರು ಮೊದಲು ಅವಳೊಬ್ಬಳ ಜೊತೆ ಬಹಳ ಹೊತ್ತು ಮಾತಾಡಿದರು. ಜೀವ ಬೇಡ ಅನ್ನಿಸುತ್ತಾ ಎಂದು ಬಿಡಿಸಿಯೇ ಕೇಳಿದರಂತೆ. ಇಲ್ಲ, ಸುಸ್ತು ಅಷ್ಟೇ ಎಂದಳಂತೆ. ಆಮೇಲೆ ನನ್ನನ್ನು ಕರೆದರು. ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. ‘ಅಜ್ಜಿ, ನಿಮ್ಮ ಬಿಪಿ ಮಾತ್ರೆ ಸೋಮವಾರ ಬಿಡ್ತೀರಾ?’ ಎಂದು ಕೇಳಿದರು, ಅಷ್ಟೇ. ಮಾರಾಯ್ತಿ, ಎಂಥ ಉಪವಾಸದ ದಿನವೂ ಅದನ್ನು ತೀರ್ಥದ ಜೊತೆ ನುಂಗುವವಳು ನಾನು!

ಇದು ಸೋಮಾರಿತನವೂ ಅಲ್ಲ, ಕೊಬ್ಬೂ ಅಲ್ಲ, ಖಿನ್ನತೆ ಎಂಬ ಕಾಯಿಲೆ ಎಂದು ಅವರು ಮತ್ತೊಮ್ಮೆ ಬಿಡಿಸಿ ಹೇಳಿದರು. ಹುಷಾರಾಗಿ ಕಂಡರೆ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥವೇ ಹೊರತು ಕೆಲಸ ಮುಗಿಯಿತು ಎಂದಲ್ಲವಂತೆ. ಹುಷಾರಾದ ಮೇಲೂ ಎಷ್ಟೋ ತಿಂಗಳು ಬೇಕು, ಇಳಿಸುವಾಗ ತಾವೇ ಸ್ವಲ್ಪ ಸ್ವಲ್ಪ ಇಳಿಸುತ್ತೇವೆ, ಮಾತಿನ ಚಿಕಿತ್ಸೆಯನ್ನೂ ಬಿಡಬಾರದು ಎಂದರು. ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಾಗಿತ್ತಾ ಎಂದು ಮೊದಲ ಸಲ ನಿನ್ನೆದುರೇ ಕೇಳಿದ್ದರಲ್ಲ, ಅವತ್ತು ಮತ್ತೆ ಕೇಳಿದರು. ನಮ್ಮ ಕಡೆ ಯಾರಿಗೂ ಇಲ್ಲ ಎಂದೆ. ಕೊನೆಗೆ, ಮಾತ್ರೆ ವಿಷಯ ಮಗಳಿಗೆ ನೀವೇ ಹೇಳಿ ಎಂದರು. ಹೂಂ ಎಂದು ಬಂದೆ. ಸೆಪ್ಟೆಂಬರಿನಲ್ಲಿ ನೀನು ಜೊತೆಗೆ ಬಂದಾಗ, ಹೇಳಿದಿರಾ ಎನ್ನುವಂತೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅದೂ ಸುಳ್ಳೇ.

ಈಗ ಒಳ್ಳೆಯ ಸುದ್ದಿ ಕೇಳು. ಆರು ವಾರದಿಂದ ಒಂದು ಮಾತ್ರೆಯೂ ತಪ್ಪಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಕವನಳೇ ದಿನಾ ಗೀಟು ಹಾಕುತ್ತಾಳೆ, ನನ್ನ ಬಿಪಿ ಮಾತ್ರೆಗೂ ಒಂದು ಗೀಟು. ಸೋಮವಾರ ನಾನು ಉಪವಾಸ ಕೂತರೆ ‘ಅಜ್ಜಿ, ನಿಮ್ಮ ವ್ರತ ನಿಮ್ಗೆ, ನನ್ನ ತಿಂಡಿ ನನ್ಗೆ’ ಎಂದು ಎದುರಿಗೇ ಕೂತು ತಿನ್ನುತ್ತಾಳೆ, ಕಳ್ಳಿ. ಯಾಕಿಷ್ಟು ನಿಧಾನ ಎಂದು ನಾನು ಚಡಪಡಿಸಿದರೆ ನಿಮ್ಮ ಅಪ್ಪಾಜಿ, ‘ಆರಿದ ಕುಲುಮೆ ಒಂದೇ ದಿನಕ್ಕೆ ಕಾಯಲ್ಲ ಕಣೇ, ಮೂವತ್ತು ವರ್ಷ ಕಾರ್ಖಾನೇಲಿ ನೋಡಿದ್ದೀನಿ’ ಎನ್ನುತ್ತಾರೆ.

ಮೊನ್ನೆ ಶನಿವಾರ ಡಾಕ್ಟರ ಹತ್ತಿರ ಹೋಗಿದ್ದವರು ಹಾಗೇ ತ್ಯಾವರೆಕೊಪ್ಪದ ಹುಲಿ-ಸಿಂಹಧಾಮಕ್ಕೂ ಹೋಗಿ ಬಂದೆವು. ಸಫಾರಿ ವ್ಯಾನಿನ ಪಕ್ಕದಲ್ಲೇ ಹುಲಿಯೊಂದು ಮಲಗಿತ್ತು. ವ್ಯಾನಿನಲ್ಲಿದ್ದವರೆಲ್ಲ ಏಳು, ಏಳು ಎಂದು ಕೂಗುವವರೇ. ನಾನೂ ಚಪ್ಪಾಳೆ ತಟ್ಟಿದೆ. ಕವನ ನನ್ನ ಕೈ ಹಿಡಿದು, ‘ಬಿಡಿ ಅಜ್ಜಿ, ಪಾಪ, ಅದಕ್ಕೆ ಇವತ್ತು ಏಳಕ್ಕೆ ಆಗ್ತಿಲ್ವೇನೋ’ ಎಂದಳು. ಅಳುತ್ತಾ ಹೇಳಲಿಲ್ಲ, ನಗುತ್ತಾ ಹೇಳಿದಳು. ನಾನೇ ಕಿಟಕಿ ಕಡೆ ತಿರುಗಿ ಸೆರಗಿನಲ್ಲಿ ಕಣ್ಣೊತ್ತಿಕೊಂಡೆ. ಬರುವಾಗ ಬಸ್ಸಿನಲ್ಲಿ ಅವಳಿಗೂ ನಿಜ ಹೇಳಿ ಕ್ಷಮಿಸು ಎಂದೆ. ಅವಳು ನನ್ನ ಭುಜಕ್ಕೆ ಒರಗಿ, ‘ಅಮ್ಮಂಗೆ ಹೇಳಿ ಮೊದ್ಲು. ಅಮ್ಮ ನನ್ಹತ್ರ ಮೊದ್ಲಿನ ಥರ ರೇಗೋದೇ ಬಿಟ್ಟಿದ್ದಾರೆ, ನಂಗೆ ಭಯ ಆಗುತ್ತೆ’ ಎಂದಳು.

ಅದಕ್ಕೇ ಈ ಕಾಗದ. ಇದನ್ನು ಓದಿ ನಿನಗೆ ಸಿಟ್ಟು ಬಂದರೆ ಬರಲಿ, ಬರಬೇಕು. ಮಗಳನ್ನು ಕರೆದುಕೊಂಡು ಹೋಗಬೇಕು ಎನಿಸಿದರೆ ದೀಪಾವಳಿ ಮುಗಿಸಿ ಕರೆದುಕೊಂಡು ಹೋಗು, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಆ ಬಸ್ಸಿನಲ್ಲಿ ಇನ್ನು ಅಳಬೇಡ. ಇದು ಕೈಸೇರಿದ ದಿನ ಸಂಜೆಯೇ ಅವಳಿಗೆ ಫೋನು ಮಾಡಿ, ಏನಾದರೂ ಒಂದಕ್ಕೆ ಚೆನ್ನಾಗಿ ಬೈಯಿ. ಚಟ್ನಿ ವಿಷಯಕ್ಕಾದರೂ ಬೈಯಿ.

ಯಾವತ್ತೂ ನಿನ್ನವಳೇ ಆದ ಅಮ್ಮ,
ಸುಭದ್ರಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇನ್ನೊಂದು. ತಿಂಡಿ ಇಲ್ಲದ್ದಕ್ಕೆ ಮಾತ್ರೆ ಬಿಟ್ಟೆ ಎಂದು ಮೇಲೆ ಬರೆದೆನಲ್ಲ, ಅದು ನೆಪ. ಹದಿನೇಳನೇ ವಯಸ್ಸಿನಲ್ಲಿ ನಾನೂ ಎಂಟು ತಿಂಗಳು ಹಾಗೇ ಗೋಡೆ ಕಡೆ ತಿರುಗಿ ಮಲಗಿದ್ದೆ. ಊರೆಲ್ಲ ಸೋಮಾರಿ ಎಂದು ಹೆಸರಿಟ್ಟಿತ್ತು. ನನ್ನಮ್ಮ ಹದಿನಾರು ಸೋಮವಾರದ ವ್ರತ ಹಿಡಿದು, ಆ ಹದಿನಾರೂ ವಾರ ನನ್ನ ಹಾಸಿಗೆ ಬಿಟ್ಟು ಕದಲಲಿಲ್ಲ. ವ್ರತ ಮುಗಿಯುವ ಹೊತ್ತಿಗೆ ನಾನು ಎದ್ದು ಕೂತೆ. ನನಗೆ ಸೋಮವಾರ ಫಲಿಸಿತು, ಕವನಳಿಗೂ ಫಲಿಸುತ್ತದೆ ಎಂದು ನಂಬಿದ್ದೆ. ಎಬ್ಬಿಸಿದ್ದು ವ್ರತವೋ, ಪಕ್ಕದಲ್ಲಿ ಕೂತ ಅಮ್ಮನೋ, ಈಗ ಗೊತ್ತಿಲ್ಲ. ನಿಮ್ಮ ಅಪ್ಪಾಜಿಗೂ ಇದನ್ನು ಹೇಳಿರಲಿಲ್ಲ. ಶನಿವಾರ ಎಲ್ಲರನ್ನೂ ಹೊರಗೆ ಕಳಿಸಿ ಡಾಕ್ಟರಿಗೆ ಹೇಳಿದೆ. ಹೇಳಿದ್ದು ಒಳ್ಳೇದಾಯ್ತು ಅಜ್ಜಿ ಎಂದು ಕವನಳ ಫೈಲಿನಲ್ಲಿ ಬರೆದುಕೊಂಡರು. ಏನು ಬರೆದಿರಿ ಎಂದು ಕೇಳಿದೆ. ‘ಅಜ್ಜಿಗೂ ಇತ್ತು, ಯಾರೂ ಔಷಧಿ ಕೊಡಿಸಲಿಲ್ಲ’ ಎಂದು ಓದಿ ಹೇಳಿದರು. ಸೋಮಾರಿ ಎಂದು ಬರೆಯಲಿಲ್ಲ ಕಣೇ.